ಎತ್ತಿಕೊಳ್ಳೋದು ನಿಮಗೆ ಬಿಟ್ಟಿದ್ದು

ವೆಕ್ನಾ ಅಂದರೆ ಈಗ ತುಂಬಾ ಜನಕ್ಕೆ ನೆನಪಾಗುವುದು 2022ರಲ್ಲಿ ಬಂದ ‘ಸ್ಟ್ರೇಂಜರ್ ಥಿಂಗ್ಸ್’ ನಾಲ್ಕನೇ ಸೀಸನ್ನಿನ ವಿಲನ್. ಅದರಲ್ಲಿ ಬರುವ ಹುಡುಗರು ತಾವು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಿಂದ ಆ ಹೆಸರನ್ನು ತೆಗೆದು ತಮ್ಮ ಶತ್ರುವಿಗೆ ಇಟ್ಟರು. ಆದರೆ ಆಟಕ್ಕೆ ವೆಕ್ನಾ ಮೊದಲು ಬಂದಾಗ ಇಡೀ ಮನುಷ್ಯನಾಗಿ ಬರಲಿಲ್ಲ. 1976ರ ‘ಎಲ್ಡ್ರಿಚ್ ವಿಜರ್ಡ್ರಿ’ ಎಂಬ ಸಣ್ಣ ಪುಸ್ತಕದಲ್ಲಿ ಅವನದೊಂದು ಕೈ, ಒಂದು ಕಣ್ಣು ಇದ್ದವು, ಅಷ್ಟೇ. ಯಾವುದೋ ಕಾಲದ ಮಹಾ ಮಾಂತ್ರಿಕ, ಅವನೇ ಮಾಡಿಕೊಟ್ಟ ಕತ್ತಿಯಿಂದ ಅವನ ಬಲಗೈ ಬಂಟನೇ ಅವನನ್ನು ಮುಗಿಸಿದ, ಇವೆರಡು ಮಾತ್ರ ಉಳಿದವು ಅನ್ನೋದು ಕಥೆ.

ಈ ಕೈಯನ್ನು ಬಳಸೋದು ಹೇಗೆ ಗೊತ್ತಾ? ಮೊದಲು ನಿಮ್ಮ ಎಡಗೈ ಹೋಗಬೇಕು. ಆ ಮೊಂಡು ತೋಳಿಗೆ ಇದನ್ನು ಒತ್ತಿ ಹಿಡಿದರೆ ಅಂಟಿಕೊಳ್ಳುತ್ತದೆ. ಕಣ್ಣಿನದೂ ಹಾಗೇ. ನಿಮ್ಮ ಕಣ್ಣನ್ನು ಕಿತ್ತು, ಆ ಗುಳಿಯಲ್ಲಿ ಇದನ್ನು ಕೂರಿಸಬೇಕು. ಆಮೇಲೆ ಶಕ್ತಿಗೇನೂ ಕಡಿಮೆಯಿಲ್ಲ. ಆದರೆ ಆ ಕೈಯಿಂದ ಒಂದೊಂದು ಮಂತ್ರ ಹಾಕಿದಾಗಲೂ ಅದು ನಿಮ್ಮಿಂದ ಒಂದು ಕೆಟ್ಟ ಕೆಲಸ ಮಾಡಿಸಲು ನೋಡುತ್ತದೆ. ಕಣ್ಣಿನ ಮಂತ್ರ ಹಾಕಿದಾಗಲೆಲ್ಲ ನೂರಕ್ಕೆ 5ರಷ್ಟು ಸಾಧ್ಯತೆ: ವೆಕ್ನಾ ನಿಮ್ಮ ಆತ್ಮವನ್ನು ಕಿತ್ತು ತಿಂದು, ದೇಹವನ್ನು ಬೊಂಬೆ ಮಾಡಿಕೊಳ್ಳುತ್ತಾನೆ. 2014ರ ಐದನೇ ಆವೃತ್ತಿಯ ಪುಸ್ತಕದಲ್ಲಿ ಇದೆಲ್ಲ ಅಚ್ಚಾಗಿದೆ. ಮುಚ್ಚುಮರೆ ಇಲ್ಲ. ಹಾಗಿದ್ದೂ ಆಟಗಾರರು ಕೈ ಕತ್ತರಿಸಿಕೊಳ್ಳುತ್ತಾರೆ. ಐವತ್ತು ವರ್ಷದಿಂದ ಕತ್ತರಿಸಿಕೊಳ್ಳುತ್ತಲೇ ಇದ್ದಾರೆ.

ಈ ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಇದನ್ನು ಹೊರತಂದರು. ನಾಲ್ಕೈದು ಜನ ಟೇಬಲ್ಲಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾತ್ರ. ಇನ್ನೊಬ್ಬರು ಡಿಎಂ, ಅಂದರೆ ಡಂಜನ್ ಮಾಸ್ಟರ್. ಮಿಕ್ಕ ಜಗತ್ತೆಲ್ಲ, ಹೋಟೆಲಿನವನಿಂದ ಹಿಡಿದು ರಾಕ್ಷಸನವರೆಗೆ, ಅವರ ಬಾಯಲ್ಲಿ. ಏನಾದರೂ ಕಷ್ಟದ್ದನ್ನು ಮಾಡಬೇಕಾದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ನಾನು ನಮ್ಮ ಗುಂಪಿನ ಡಿಎಂ. ಹಾಗಾಗಿ ಮಾಯದ ವಸ್ತುಗಳನ್ನು ಹುಟ್ಟಿಸೋದು, ಗುಹೆಯಲ್ಲಿ ಬಚ್ಚಿಡೋದು, ಅವು ಯಾರ ಕೈಗೆ ಬೀಳುತ್ತವೆ ಅಂತ ಕಾಯೋದು ನನ್ನ ಕೆಲಸ. ಅದರಲ್ಲೂ ಕೇಡಿನ ವಸ್ತುಗಳನ್ನು ಮಾಡೋದರಲ್ಲಿ ನನಗೆ ಜಾಸ್ತಿ ಖುಷಿ. ಯಾಕೆ ಅಂತ ಮನೆಯಲ್ಲಿ ಕೇಳುತ್ತಾರೆ. ಉತ್ತರ ಹೇಳಲು ಹೋಗಿಲ್ಲ.

ಗೈಗ್ಯಾಕ್ಸ್ ಬರೆದ 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ ತೆರೆದರೆ ಶಾಪದ ವಸ್ತುಗಳ ದೊಡ್ಡ ಸಂತೆಯೇ ಇದೆ. ಎಷ್ಟು ಸಾಮಾನು ತುಂಬಿದರೂ ಹಿಡಿಸುವ ಚೀಲದಂತೆ ಕಾಣುವ ಒಂದು ಚೀಲವಿದೆ. ನಿಜದಲ್ಲಿ ಅದು ಬೇರೆ ಲೋಕದ ಒಂದು ಪ್ರಾಣಿಯ ಬಾಯಿ. ಕೈ ಹಾಕಿದರೆ ನುಂಗುತ್ತದೆ. ಕತ್ತು ಹಿಸುಕುವ ಹಾರ, ತೊಟ್ಟವನನ್ನು ಕೊಲ್ಲುವ ವಿಷದ ಅಂಗಿ, ಯುದ್ಧದ ನಡುವೆ ಕುಣಿಸುವ ಬೂಟು, ಒಳ್ಳೆಯವನನ್ನು ಒಂದೇ ಕ್ಷಣದಲ್ಲಿ ಕೆಟ್ಟವನನ್ನಾಗಿ ಮಾಡುವ ಶಿರಸ್ತ್ರಾಣ. ಓದಲು ಮಜಾ ಇದೆ. ಆಡಲು ಇಲ್ಲ. ಹಾರ ಚೆನ್ನಾಗಿದೆ ಅಂತ ಹಾಕಿಕೊಂಡೆ, ಸತ್ತೆ. ಇದರಲ್ಲಿ ಹೆದರಿಕೆ ಎಲ್ಲಿಂದ ಬರಬೇಕು? ಬಾಳೆಹಣ್ಣಿನ ಸಿಪ್ಪೆ ಮೇಲೆ ಕಾಲಿಟ್ಟು ಬಿದ್ದವನಿಗೆ ಆಗುವುದು ಹೆದರಿಕೆ ಅಲ್ಲ, ಸಿಟ್ಟು. ಆ ಶಿರಸ್ತ್ರಾಣವಂತೂ ಇನ್ನೂ ಅನ್ಯಾಯ. ತಿಂಗಳುಗಟ್ಟಲೆ ಕಟ್ಟಿದ ಪಾತ್ರವನ್ನು ಆಟಗಾರನ ಕೈಯಿಂದ ಕಿತ್ತುಕೊಂಡು, ‘ಇನ್ನು ಮೇಲೆ ನೀನು ಬೇರೆ ಮನುಷ್ಯ’ ಅನ್ನುತ್ತದೆ.

ಹಾಗಂತ ಗೈಗ್ಯಾಕ್ಸ್‌ಗೆ ಬುದ್ಧಿ ಇರಲಿಲ್ಲ ಅಂತ ಅಲ್ಲ. ಆಗಿನ ಆಟವೇ ಬೇರೆ. ಆಗ ಹೊತ್ತು ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಪಾತ್ರವನ್ನು ಬಲಪಡಿಸುವ ಒಂದೊಂದು ಅನುಭವದ ಅಂಕ ಸಿಗುತ್ತಿತ್ತು. ರಾಕ್ಷಸನನ್ನು ಕೊಂದರೆ ಬರುತ್ತಿದ್ದುದಕ್ಕಿಂತ ಅವನ ಪೆಟ್ಟಿಗೆ ಹೊತ್ತು ಬಂದರೆ ಸಿಗುತ್ತಿದ್ದುದೇ ಹೆಚ್ಚು. ಅಂದರೆ ಆಟದ ಎಂಜಿನ್ನೇ ಆಸೆ. ಹಾಗಿರುವಾಗ ಆಸೆಗೆ ಕಡಿವಾಣ ಬೇಕಲ್ಲ? ಅದಕ್ಕೇ ಈ ಹಾರ, ಈ ಚೀಲ. ಅನುಭವಸ್ಥ ಆಟಗಾರರು ಯಾವುದನ್ನೂ ತಾವೇ ಮೊದಲು ಹಾಕಿಕೊಳ್ಳುತ್ತಿರಲಿಲ್ಲ. ಜೊತೆಗೆ ಕರೆತಂದ ಕೂಲಿಯವನಿಗೆ ಹಾಕಿಸಿ ನೋಡುತ್ತಿದ್ದರು. ನನ್ನನ್ನು ಕೇಳಿದರೆ ಆ ಪುಸ್ತಕದ ನೂರಾರು ಶಾಪಗಳಿಗಿಂತ ಇದೇ ಜಾಸ್ತಿ ಕ್ರೂರ. ಪುಸ್ತಕ ಅದನ್ನು ಶಾಪ ಅಂತ ಕರೆಯಲಿಲ್ಲ, ಅಷ್ಟೇ.

ಅದೇ ಗೈಗ್ಯಾಕ್ಸ್ ಒಂದು ಕಡೆ ಸರಿಯಾಗಿ ಗುರಿ ಹೊಡೆದಿದ್ದಾರೆ. 1975ರಲ್ಲಿ ಒಂದು ಸಮ್ಮೇಳನಕ್ಕಾಗಿ ಮಾಡಿ 1978ರಲ್ಲಿ ಅಚ್ಚು ಹಾಕಿಸಿದ ‘ಟೂಂಬ್ ಆಫ್ ಹಾರರ್ಸ್’ ಎಂಬ, ಡಿಎಂಗಳು ಆಡಿಸಲೆಂದೇ ಬರೆದ ಸಿದ್ಧ ಸಾಹಸದಲ್ಲಿ ಒಂದು ಸಿಂಹಾಸನದ ಕೋಣೆ ಇದೆ. ಅಲ್ಲಿ ಕಿರೀಟ ಮತ್ತು ರಾಜದಂಡ. ಕಿರೀಟ ಹಾಕಿಕೊಂಡರೆ ಆ ಕೋಣೆಯೊಳಗೆ ಹಗಲಿನ ಹಾಗೆ ಕಾಣುತ್ತದೆ, ಹೊರಗೆ ಬಂದರೆ ಕುರುಡು. ತೆಗೆಯಬೇಕೆಂದರೆ ರಾಜದಂಡದ ತುದಿಯನ್ನು ಅದಕ್ಕೆ ಮುಟ್ಟಿಸಬೇಕು. ಒಂದು ತುದಿ ಚಿನ್ನ, ಇನ್ನೊಂದು ಬೆಳ್ಳಿ. ಚಿನ್ನ ಮುಟ್ಟಿಸಿದರೆ ಕಿರೀಟ ಬಿಡುತ್ತದೆ. ಬೆಳ್ಳಿ ಮುಟ್ಟಿಸಿದರೆ ಹಾಕಿಕೊಂಡವನು ನಾರುವ ಪುಡಿ. ಇಲ್ಲೂ ಸಾವೇ. ಆದರೆ ಆ ಎರಡು ತುದಿಗಳ ನಡುವೆ ಟೇಬಲ್ಲಿನಲ್ಲಿ ಏನಾಗುತ್ತದೆ ಯೋಚಿಸಿ. ಒಬ್ಬ ಕಿರೀಟ ಹೊತ್ತು ಕೂತಿದ್ದಾನೆ. ಗೆಳೆಯ ದಂಡ ಹಿಡಿದು ಎದುರಿಗೆ ನಿಂತಿದ್ದಾನೆ. ಉಳಿದವರು ‘ಅದಲ್ಲ, ಇದು’ ಅಂತ ಕಚ್ಚಾಡುತ್ತಿದ್ದಾರೆ. ಹಾರ ಕತ್ತು ಹಿಸುಕುವಾಗ ಯಾರೂ ಮಾತಾಡೋದಿಲ್ಲ. ಇಲ್ಲಿ ಅರ್ಧ ಗಂಟೆ ಮಾತು.

ಈಗಿನ ನಿಯಮಗಳಲ್ಲಿ ಬಹಳಷ್ಟು ವಸ್ತುಗಳ ಜೊತೆ ಮೊದಲು ನಂಟು ಬೆಳೆಸಿಕೊಳ್ಳಬೇಕು. ಕೂತು ಒಂದು ಗಂಟೆ ಅದರ ಮೇಲೇ ಗಮನವಿಟ್ಟರೆ ಆ ವಸ್ತು ನಿಮ್ಮದು. ಒಂದು ಸಲಕ್ಕೆ ಮೂರೇ ವಸ್ತು. ಒಳ್ಳೆ ಏರ್ಪಾಡು. ಆದರೆ ಇದರಲ್ಲೂ ಹಳೇ ಚಾಳಿ ಉಳಿದಿದೆ. ಶಾಪ ಇದ್ದರೆ ಅದು ನಂಟು ಬೆಳೆದ ಮೇಲೆ ಗೊತ್ತಾಗಬೇಕು, ವಸ್ತುವಿನ ಗುಣ ತಿಳಿಸುವ ಮಂತ್ರ ಹಾಕಿದರೂ ಶಾಪ ಮಾತ್ರ ಕಾಣಬಾರದು ಅಂತ ಪುಸ್ತಕ ಹೇಳುತ್ತದೆ. ನಾನು ಇದನ್ನು ಪಾಲಿಸೋದಿಲ್ಲ. ನಮ್ಮ ಟೇಬಲ್ಲಿನಲ್ಲಿ ಕೇಳಿದವರಿಗೆ ಶಾಪವನ್ನು ಮೊದಲೇ ಹೇಳಿಬಿಡುತ್ತೇನೆ.

ಇದಕ್ಕೆ ಮೂಲ ನಮ್ಮ ಅಜ್ಜಿ ಅಂತ ಕಾಣುತ್ತದೆ. ನಮ್ಮ ಮನೆಯಲ್ಲಿ ಉಪ್ಪನ್ನು ಕೈಯಿಂದ ಕೈಗೆ ಕೊಡುವಂತಿರಲಿಲ್ಲ. ಎಣ್ಣೆ, ಕತ್ತರಿ ಕೂಡ ಹಾಗೇ. ನಿಮ್ಮ ಮನೆಗಳಲ್ಲೂ ಇದ್ದೀತು. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೈಗೇ ಕೊಟ್ಟರೆ ಜಗಳ ಆಗುತ್ತದಂತೆ. ಚಿಕ್ಕವನಿದ್ದಾಗ ಇದು ಸುಮ್ನೆ ಮೂಢನಂಬಿಕೆ ಅನ್ನಿಸುತ್ತಿತ್ತು. ಈಗಲೂ ಅನ್ನಿಸುತ್ತದೆ. ಆದರೆ ಆಟದ ನಿಯಮವಾಗಿ ಇದಕ್ಕಿಂತ ಚೆನ್ನಾಗಿರೋದನ್ನು ನಾನು ಎಲ್ಲೂ ನೋಡಿಲ್ಲ. ಕೊಡುವವನು ಕೊಡಲಿಲ್ಲ. ಕೆಳಗಿಟ್ಟ. ನೀನಾಗಿ ಬಗ್ಗಿ ಎತ್ತಿಕೊಂಡೆ. ಇನ್ನು ಮುಂದೆ ಆಗುವುದಕ್ಕೆಲ್ಲ ನೀನೇ ಹೊಣೆ. ವೆಕ್ನಾನ ಕೈ ಮಾಡುವುದೂ ಇದನ್ನೇ ತಾನೇ?

ಹಸಿವಿರುವ ಕತ್ತಿಗಳ ಬಗ್ಗೆ ಎರಡು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ, ಯಾಕೆಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಅವೇ. ಉತ್ತರ ಯುರೋಪಿನ ಹಳೇ ಕಥೆಗಳಲ್ಲಿ ಟಿರ್ಫಿಂಗ್ ಎಂಬ ಕತ್ತಿ ಇದೆ. ರಾಜನೊಬ್ಬ ಇಬ್ಬರು ಕುಳ್ಳರನ್ನು ಹೆದರಿಸಿ ಮಾಡಿಸಿಕೊಂಡದ್ದು. ಅವರು ಮಾಡಿಕೊಟ್ಟರು, ಜೊತೆಗೆ ಶಾಪವನ್ನೂ ಕೊಟ್ಟರು: ಒರೆಯಿಂದ ಹೊರಗೆ ಬಂದಾಗಲೆಲ್ಲ ಒಂದು ಹೆಣ ಬೀಳಲೇಬೇಕು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಇಂಥ ಕತ್ತಿ ಬ್ಲಾಕ್‌ರೇಜರ್. ಲಾರೆನ್ಸ್ ಶಿಕ್ ಬರೆದ 1979ರ ‘ವೈಟ್ ಪ್ಲೂಮ್ ಮೌಂಟನ್’ ಎಂಬ ಇನ್ನೊಂದು ಸಿದ್ಧ ಸಾಹಸದಲ್ಲಿ ಬಂತು. ಈಗಿನ ನಿಯಮದಂತೆ ಕೊಂದವರ ಆತ್ಮವನ್ನು ಅದು ತಿಂದು, ಹಿಡಿದವನಿಗೆ ಬಲ ಕೊಡುತ್ತದೆ. ಮೂರು ದಿನ ಉಪವಾಸ ಬಿದ್ದರೆ ಯಜಮಾನನ ಮೇಲೇ ತಿರುಗಿ ಬೀಳುತ್ತದೆ. ನನಗೆ ಇದರಲ್ಲಿ ಇಷ್ಟವಾಗುವುದು ಆ ಮೂರು ದಿನ. ಮೊದಲನೇ ದಿನ ಯಾರಿಗೂ ಚಿಂತೆಯಿಲ್ಲ. ಎರಡನೇ ದಿನ ಕತ್ತಿ ಹಿಡಿದವನು ‘ಈ ಕಡೆ ದರೋಡೆಕೋರರು ಇದ್ದಾರಾ?’ ಅಂತ ಹಳ್ಳಿಯವರನ್ನು ವಿಚಾರಿಸುತ್ತಾನೆ. ಮೂರನೇ ದಿನ ಬೆಳಿಗ್ಗೆ ಅವನಿಗೆ ಎಲ್ಲರೂ ಸ್ವಲ್ಪ ದರೋಡೆಕೋರರ ಹಾಗೇ ಕಾಣುತ್ತಾರೆ.

ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಇನ್ನೊಂದು ಪ್ರಶ್ನೆಗೆ. ಈ ವಸ್ತು ಯಾರದಾಗಿತ್ತು?

ಆ ಪ್ರಶ್ನೆ ನನ್ನನ್ನು ಹಿಡಿದದ್ದು ಶ್ರೀರಂಗಪಟ್ಟಣದಲ್ಲಿ. ವಿಲ್ಕಿ ಕಾಲಿನ್ಸ್ 1868ರಲ್ಲಿ ‘ದ ಮೂನ್‌ಸ್ಟೋನ್’ ಅಂತ ಒಂದು ಕಾದಂಬರಿ ಬರೆದ. ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಳ ಅಜ್ಜ ಅಂತ ಅದನ್ನು ಹೊಗಳುತ್ತಾರೆ. ಆ ಕಥೆ ಶುರುವಾಗುವುದೇ ನಮ್ಮ ಶ್ರೀರಂಗಪಟ್ಟಣದಲ್ಲಿ, 1799ರ ಮೇ 4ರಂದು ಕೋಟೆ ಬಿದ್ದ ದಿನ. ಸೋಮನಾಥದ ಚಂದ್ರದೇವನ ಹಣೆಯಲ್ಲಿದ್ದ ಹಳದಿ ವಜ್ರ ಕೈಯಿಂದ ಕೈಗೆ ಹೋಗಿ ಟಿಪ್ಪುವಿನ ಆಯುಧಶಾಲೆಗೆ ಬಂದಿರುತ್ತದೆ, ಒಂದು ಕಠಾರಿಯ ಹಿಡಿಯಲ್ಲಿ. ಲೂಟಿಯ ಹೊತ್ತಿನಲ್ಲಿ ಹರ್ನ್‌ಕ್ಯಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ಕಾವಲಿನವರನ್ನು ಕೊಂದು ಅದನ್ನು ಹೊಡೆಯುತ್ತಾನೆ. ಸಾಯುವ ಕಾವಲಿನವನು ಶಾಪ ಹಾಕುತ್ತಾನೆ. ಮುಂದೆ ಆ ಅಧಿಕಾರಿ ವಜ್ರವನ್ನು ಸೋದರ ಸೊಸೆಗೆ ಹುಟ್ಟುಹಬ್ಬದ ಉಡುಗೊರೆ ಅಂತ ಬರೆದಿಟ್ಟು ಸಾಯುತ್ತಾನೆ. ತಂಗಿಯ ಮೇಲಿನ ಪ್ರೀತಿಯಿಂದಲೋ ಹಗೆಯಿಂದಲೋ, ಓದುಗರು ಊಹಿಸಬೇಕು. ಆ ವಜ್ರದ ಹಿಂದೆ ಮೂವರು ಬ್ರಾಹ್ಮಣರು ಸಮುದ್ರ ದಾಟಿ, ಜಾತಿ ಕಳೆದುಕೊಂಡು ಬರುತ್ತಾರೆ.

ಇಂಗ್ಲೆಂಡಿನ ಮನೆಯಲ್ಲಿ ಕೂತು ಓದುವವರಿಗೆ ಅದು ಶಾಪದ ಕಲ್ಲು. ಕೋಟೆಯ ಗೋಡೆ ಮೇಲೆ ಕೂತು ಕಡಲೆಕಾಯಿ ತಿನ್ನುವ ನನಗೆ ಅದು ಕದ್ದ ಮಾಲು. ಸೋಮನಾಥದ ಗುಡಿಯಲ್ಲಿ ಇದ್ದಾಗ ಅದು ಯಾರಿಗೂ ಕೇಡು ಮಾಡುತ್ತಿರಲಿಲ್ಲವಲ್ಲ? ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ 1902ರಲ್ಲಿ ಬರೆದ ಕೋತಿಯ ಪಂಜದ ಕಥೆಯಲ್ಲೂ ಮೂರು ಆಸೆ ಈಡೇರಿಸುವ ಆ ಒಣಗಿದ ಪಂಜ ಇಂಡಿಯಾದಿಂದ ಬಂದದ್ದು, ಫಕೀರನೊಬ್ಬ ಮಂತ್ರಿಸಿದ್ದು. ಆ ಕಾಲದ ಇಂಗ್ಲಿಷ್ ಕಥೆಗಳಲ್ಲಿ ಮಾಟದ ಸಾಮಾನು ಬೇಕಾದರೆ ಇಲ್ಲಿಂದಲೇ ಪಾರ್ಸೆಲ್. ನಮ್ಮ ಆಟದ್ದೇ 1978ರ ನಿಯಮದ ಪುಸ್ತಕ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಮುಖಪುಟ ನೋಡಿ. ಡೇವಿಡ್ ಟ್ರ್ಯಾಂಪಿಯರ್ ಬರೆದ ಚಿತ್ರ. ದೊಡ್ಡ ವಿಗ್ರಹವೊಂದರ ಮೇಲೆ ಹತ್ತಿದ ಕಳ್ಳರು ಅದರ ಕಣ್ಣಿನ ರತ್ನವನ್ನು ಮೀಟುತ್ತಿದ್ದಾರೆ. ಚಿತ್ರವೇನೋ ತುಂಬಾ ಚೆನ್ನಾಗಿದೆ. ಮುಖಪುಟದಲ್ಲಿರುವ ಆ ಕಳ್ಳರೇ ಆಟದ ನಾಯಕರು ಅನ್ನೋದು ಮಾತ್ರ ನನಗೆ ಪ್ರತಿ ಸಲ ಚುಚ್ಚುತ್ತದೆ. ವಿಗ್ರಹಕ್ಕೆ ನಿನ್ನೆ ಸಂಜೆ ದೀಪ ಹಚ್ಚಿದವರು ಯಾರು ಅಂತ ಪುಸ್ತಕ ಕೇಳುವುದಿಲ್ಲ.

ಹಾಗಾಗಿ ನಾನು ಕೇಡಿನ ವಸ್ತು ಮಾಡುವಾಗ ಅದರ ಶಕ್ತಿಯನ್ನು ಬರೆಯುವ ಮೊದಲು, ಅದನ್ನು ಹುಡುಕಿಕೊಂಡು ಯಾರು ಬರುತ್ತಾರೆ ಅಂತ ಬರೆದುಕೊಳ್ಳುತ್ತೇನೆ. ಕೆಟ್ಟವರೇ ಬರಬೇಕು ಅಂತೇನಿಲ್ಲ. ಸಾಮಾನ್ಯವಾಗಿ ಅವರದೇ ಸರಿ ಇರುತ್ತದೆ. ನಮ್ಮ ಗುಂಪು ಒಂದು ಸಲ ಹೊಳೆಯುವ ಗುರಾಣಿಯೊಂದನ್ನು ಸಮಾಧಿಯಿಂದ ಎತ್ತಿ ತಂದಿತ್ತು. ಒಂದು ದಿನ ಒಬ್ಬಳು ಮುದುಕಿ ಬಂದು ‘ಅದು ನನ್ನ ಮಗನದಪ್ಪ’ ಅಂದಳು. ದಾಳ ಉರುಳಲಿಲ್ಲ, ಯುದ್ಧ ಆಗಲಿಲ್ಲ. ಆ ಸೆಷನ್ನಿನಲ್ಲಿ ಎಲ್ಲರ ಮುಖ ಇಷ್ಟಿಷ್ಟೇ ಆಗಿತ್ತು.

ನಮ್ಮಲ್ಲೇ ಇರುವ ಕೇಡಿನ ವಸ್ತು ಯಾವುದು ಅಂದರೆ ನಾನು ಸ್ಯಮಂತಕ ಮಣಿ ಅನ್ನುತ್ತೇನೆ. ಚೌತಿಯ ದಿನ ಚಂದ್ರನನ್ನು ನೋಡಿದವರು ಅಪವಾದ ಬರದಿರಲಿ ಅಂತ ಕೇಳುವ ಕಥೆ. ಚಿಕ್ಕಂದಿನಲ್ಲಿ ಎಲ್ಲರೂ ಪೂಜೆ ಮುಗಿದು ಕಡುಬು ಯಾವಾಗ ಬರುತ್ತೆ ಅಂತ ಕಾಯುತ್ತಾ ಅರ್ಧಂಬರ್ಧ ಕೇಳಿರುತ್ತೇವೆ. ಇನ್ನೊಮ್ಮೆ ಕೇಳಿ. ಮಣಿ ದಿನಾ ಎಂಟು ಭಾರ ಚಿನ್ನ ಕೊಡುತ್ತದೆ. ಸೂರ್ಯನೇ ಸತ್ರಾಜಿತನಿಗೆ ಕೊಟ್ಟದ್ದು. ಉಗ್ರಸೇನನಿಗೆ ಕೊಡು ಅಂತ ಕೃಷ್ಣ ಕೇಳಿದರೆ ಅವನು ಕೊಡಲಿಲ್ಲ. ತಮ್ಮ ಪ್ರಸೇನ ಅದನ್ನು ಹಾಕಿಕೊಂಡು ಬೇಟೆಗೆ ಹೋದ, ಸಿಂಹ ಕೊಂದಿತು. ಸಿಂಹವನ್ನು ಜಾಂಬವಂತ ಕೊಂದ. ಊರಲ್ಲಿ ಮಾತ್ರ ‘ಕೃಷ್ಣನೇ ಕೊಂದು ಮಣಿ ಹೊಡೆದ’ ಅಂತ ಗುಸುಗುಸು. ಕೃಷ್ಣ ಕಾಡು ಹೊಕ್ಕು, ಜಾಂಬವಂತನ ಜೊತೆ ಹೊಡೆದಾಡಿ ಮಣಿ ತಂದು ವಾಪಸ್ಸು ಕೊಟ್ಟ. ಅಲ್ಲಿಗೂ ಮುಗಿಯಲಿಲ್ಲ. ಶತಧನ್ವ ಮಣಿಗಾಗಿ ಸತ್ರಾಜಿತನನ್ನು ಕೊಂದ. ಶತಧನ್ವನನ್ನು ಕೃಷ್ಣ ಕೊಂದ, ನೋಡಿದರೆ ಅವನ ಹತ್ತಿರ ಮಣಿಯೇ ಇಲ್ಲ. ಆಗ ಕೃಷ್ಣನ ಮೇಲೆ ಅನುಮಾನಪಟ್ಟವನು ಯಾರು? ಸ್ವಂತ ಅಣ್ಣ ಬಲರಾಮ. ಸಿಟ್ಟು ಮಾಡಿಕೊಂಡು ಮಿಥಿಲೆಗೆ ಹೊರಟೇ ಹೋದ.

ಶುದ್ಧ ಇಲ್ಲದವನು ಧರಿಸಿದರೆ ಮಣಿಯೇ ಕೊಲ್ಲುತ್ತದೆ ಅಂತ ಪುರಾಣ ಹೇಳುತ್ತದೆ. ಆ ಮಾತನ್ನು ತೆಗೆದುಬಿಟ್ಟರೂ ಕಥೆಗೆ ಏನೂ ಆಗುವುದಿಲ್ಲ ನೋಡಿ. ಪಾಪದ ಕಲ್ಲು ಮಾಡುತ್ತಿದ್ದುದು ದಿನಾ ಚಿನ್ನ ಕೊಡುವ ಕೆಲಸ ಮಾತ್ರ. ಉಳಿದದ್ದೆಲ್ಲ ಜನ ತಾವೇ ಮಾಡಿಕೊಂಡರು.

ಇದನ್ನು ನಾನು ಟೇಬಲ್ಲಿನಲ್ಲಿ ಪರೀಕ್ಷೆ ಮಾಡಿದೆ. ಬೆಳಗಾದರೆ ಹತ್ತು ಚಿನ್ನದ ನಾಣ್ಯ ಉದುರಿಸುವ ಒಂದು ಕಲ್ಲು. ಶಾಪ ಇಲ್ಲ, ಒಂದಿಷ್ಟೂ ಇಲ್ಲ. ಪುಗಸಟ್ಟೆ ಸಿಕ್ಕರೆ ನಂಗೂ ಇರಲಿ ನಮ್ಮಪ್ಪಂಗೂ ಇರಲಿ ಅಂತ ಹಾಡಿ ಎತ್ತಿಕೊಂಡರು. ಸ್ವಲ್ಪ ದಿನದಲ್ಲೇ ರಾತ್ರಿ ಕಾವಲಿಗೆ ಒಬ್ಬರ ಬದಲು ಇಬ್ಬರು ಕೂರಲು ಶುರು ಮಾಡಿದರು. ಆ ಎರಡನೆಯವರು ಕಾಯುತ್ತಿದ್ದುದು ರಾಕ್ಷಸರನ್ನಲ್ಲ, ಮೊದಲನೆಯವರನ್ನು. ಕಳ್ಳಿಯ ಪಾತ್ರ ಆಡುವ ಗೆಳತಿ ನಿಜವಾಗಿಯೂ ಏನೂ ಕದ್ದಿರಲಿಲ್ಲ. ಆದರೂ ಒಂದು ಬೆಳಿಗ್ಗೆ ಎಣಿಸುವಾಗ ಒಂಬತ್ತು ಅಂತ ಯಾರೋ ಅಂದರು. ತಪ್ಪಾಗಿ ಎಣಿಸಿದ್ದು. ಅಷ್ಟು ಸಾಕಾಯಿತು.

ಆಟದವರ ನಡುವೆ ‘ವೆಕ್ನಾನ ತಲೆ’ ಅಂತ ಒಂದು ಹಳೇ ಕಥೆ ಓಡಾಡುತ್ತದೆ. ಒಂದು ಗುಂಪಿನವರು ಇನ್ನೊಂದು ಗುಂಪಿಗೆ ಟೋಪಿ ಹಾಕಲು ಯಾವುದೋ ಒಂದು ತಲೆಯನ್ನು ಹೂತಿಟ್ಟು, ಇದು ವೆಕ್ನಾನ ತಲೆ ಅಂತ ಸುದ್ದಿ ಹಬ್ಬಿಸಿದರಂತೆ. ಕೈಗೆ ಕೈ ಕತ್ತರಿಸಬೇಕು, ಕಣ್ಣಿಗೆ ಕಣ್ಣು ಕೀಳಬೇಕು. ಹಾಗಾದರೆ ತಲೆಗೆ? ಒಬ್ಬ ಕತ್ತು ಒಡ್ಡಿದ. ಗೆಳೆಯರು ಕಡಿದು ಇದನ್ನು ಇಟ್ಟರು. ಏನೂ ಆಗಲಿಲ್ಲ. ಸರಿಯಾಗಿ ಮಾಡಲಿಲ್ಲವೇನೋ ಅಂತ ಇನ್ನೊಬ್ಬ ಮುಂದೆ ಬಂದ. ಮಾಯದ ವಸ್ತುಗಳ ಯಾವ ಪುಸ್ತಕದಲ್ಲೂ ಇದಕ್ಕಿಂತ ಭಯಂಕರವಾದದ್ದು ನನಗೆ ಸಿಕ್ಕಿಲ್ಲ, ಮತ್ತು ಇದರಲ್ಲಿ ಮಾಯೆಯೇ ಇಲ್ಲ.

ಈಗ ನಡೆಯುತ್ತಿರುವ ನಮ್ಮ ಕ್ಯಾಂಪೇನಿಗೆ, ಅಂದರೆ ವಾರಗಟ್ಟಲೆ ಮುಂದುವರಿಯುವ ಕಥೆಗೆ, ಬರುತ್ತೇನೆ. ಬೆಂಗಳೂರಿನ ಅವೆನ್ಯೂ ರೋಡಿನಲ್ಲಿ ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ ಒಂದನ್ನು ತಂದು ಟೇಬಲ್ಲಿನ ಮೇಲೆ ಇಟ್ಟೆ. ಯಾರ ಕೈಗೂ ಕೊಡಲಿಲ್ಲ. ಆಟದಲ್ಲಿ ಅದರ ಹೆಸರು ಉದ್ರಿ ಪುಸ್ತಕ. ಮೊದಲ ಪುಟದಲ್ಲೇ ನಿಯಮ ಬರೆದಿದ್ದೆ. ಎಂಥ ಗಾಯವಾದರೂ ನಿಮ್ಮ ಹೆಸರು ಬರೆದರೆ ವಾಸಿಯಾಗುತ್ತದೆ. ಅದರ ಕೆಳಗೆ ಇನ್ನೊಂದು ಹೆಸರು ತಾನಾಗಿ ಮೂಡುತ್ತದೆ. ಆ ಗಾಯ ಆ ಮನುಷ್ಯನ ಲೆಕ್ಕಕ್ಕೆ.

ಮೊದಮೊದಲು ಸಾಯುವ ಸ್ಥಿತಿ ಬಂದರೆ ಮಾತ್ರ ಅಂತ ಒಪ್ಪಂದ ಮಾಡಿಕೊಂಡರು. ಮೂಡಿದ ಹೆಸರುಗಳು ಯಾರವೋ. ಆಮೇಲೆ ಮುರಿದ ಕೈಗೂ ಬರೆದರು. ಆಮೇಲೆ, ನಾಳೆ ಬೇಗ ಹೊರಡಬೇಕು ಅಂತ ಉಳುಕಿದ ಕಾಲಿಗೂ. ಒಂದು ಸಂಜೆ ಮೂಡಿದ ಹೆಸರು ಅವರನ್ನು ಹೊಳೆ ದಾಟಿಸಿದ್ದ ಅಂಬಿಗನದು. ದುಡ್ಡು ತೆಗೆದುಕೊಳ್ಳದೆ ದಾಟಿಸಿದ್ದ. ಪುಸ್ತಕ ಮುಚ್ಚಿದರು. ಇನ್ನು ಬೇಡ ಅಂದರು.

ಬೇಡ ಅಂದದ್ದು ಜಾಸ್ತಿ ದಿನ ನಡೆಯಲಿಲ್ಲ. ಫೈಟರ್, ಅಂದರೆ ಯೋಧನ ಪಾತ್ರ ಆಡುವ ಗೆಳೆಯ, ಹೊರಗೆ ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಒಂದು ಪ್ರಶ್ನೆ ಕೇಳಿದ. ‘ಜಾಮೀನು ಹಾಕಬಹುದಾ?’ ಅಂದರೆ ಸಾಲ ಯಾರ ಹೆಸರಿಗೆ ಹೋಗಬೇಕು ಅಂತ ನಾವೇ ಬರೆದರೆ? ನಾನು ಒಂದು ಗಳಿಗೆ ಯೋಚಿಸಿ ‘ಬರೆದು ನೋಡು’ ಅಂದೆ. ಪುಸ್ತಕ ಒಪ್ಪಿಕೊಂಡಿತು.

ಅಲ್ಲಿಂದ ಆಟದ ಬಣ್ಣವೇ ಬದಲಾಯಿತು. ಈಗ ಸೆರೆ ಸಿಕ್ಕ ದರೋಡೆಕೋರನಿಗೆ ಇವರು ಕೇಳುವ ಮೊದಲ ಪ್ರಶ್ನೆ, ‘ನಿನ್ನ ಪೂರ್ತಿ ಹೆಸರೇನು?’ ಹೆಸರುಗಳ ಪಟ್ಟಿ ಮಾಡಿ ಇಟ್ಟುಕೊಂಡಿದ್ದಾರೆ, ಎಲ್ಲ ಕೆಟ್ಟವರೇ ಅಂತ ಅವರ ವಾದ. ದರೋಡೆಕೋರರಿಗೂ ಸುದ್ದಿ ತಲುಪಿದೆ. ಅವರು ಪಕ್ಕದ ಹಳ್ಳಿಯ ಯಾರದೋ ಹೆಸರು ಹೇಳುತ್ತಾರೆ. ಆ ಹಳ್ಳಿಯಲ್ಲಿ ಯಾರೋ ಇದ್ದಕ್ಕಿದ್ದಂತೆ ರಕ್ತ ಕಾರಿ ಬೀಳುತ್ತಾರೆ. ಇದನ್ನೆಲ್ಲ ನಾನು ಮೊದಲೇ ಬರೆದಿಟ್ಟಿದ್ದಲ್ಲ. ನಾನು ಬರೆದದ್ದು ಮೊದಲ ಪುಟ ಮಾತ್ರ.

ಕಳೆದ ಸಲ ಕ್ಲೆರಿಕ್, ಅಂದರೆ ಪೂಜಾರಿಯ ಪಾತ್ರ ಆಡುವ ಗೆಳತಿಗೆ ಸಾಕಾಗಿಹೋಯಿತು. ಪುಸ್ತಕ ಸುಟ್ಟುಬಿಡೋಣ ಅಂದಳು. ಎಲ್ಲರೂ ಹೂಂ ಅಂದರು. ಅಷ್ಟರಲ್ಲಿ ನಮ್ಮ ಬ್ಯಾಂಕಿನವನು ಕೈ ಎತ್ತಿದ. ಪುಸ್ತಕ ಸುಟ್ಟರೆ ಸಾಲ ಮನ್ನಾ ಆಗುತ್ತಾ, ಇಲ್ಲ ಜಾಮೀನು ಹಾಕಿದವರೆಲ್ಲ ಒಟ್ಟಿಗೇ ಸಾಯುತ್ತಾರಾ, ಇಲ್ಲ ಗಾಯಗಳೆಲ್ಲ ನಮಗೇ ವಾಪಸ್ಸು ಬರುತ್ತವಾ ಅಂತ ಕೇಳಿದ. ಟೇಬಲ್ ಎರಡು ಪಾಲಾಯಿತು. ಜಗಳ ವಾಟ್ಸಾಪ್ ಗುಂಪಿನಲ್ಲಿ ಇನ್ನೂ ನಡೆಯುತ್ತಿದೆ. ವಿಜರ್ಡ್ ಆಡುವವನು ಒಂದು ಪುಟ ಹರಿದು ಪರೀಕ್ಷೆ ಮಾಡೋಣ ಅನ್ನುತ್ತಿದ್ದಾನೆ. ಯಾವ ಪುಟ ಅಂತ ಉಳಿದವರು ಕೇಳಿದರೆ ಅಂಬಿಗನ ಹೆಸರಿರುವುದು ಬೇಡ ಅನ್ನೋದರಲ್ಲಿ ಮಾತ್ರ ಎಲ್ಲರೂ ಒಂದಾಗಿದ್ದಾರೆ. ಉತ್ತರ ಏನು ಅಂತ ನನಗೆ ಬೇರೆ ಬೇರೆಯಾಗಿ ಮೆಸೇಜ್ ಮಾಡಿ ಕೇಳುತ್ತಿದ್ದಾರೆ. ಭಾನುವಾರ ಬನ್ನಿ ಅಂದಿದ್ದೇನೆ.